ಹನಿ ನೀರು ಮುಟ್ಟದ ನೀಲಾಬಾಯಿ

ಕೆರೂರಿನ ಸಂತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ನೀಲಾಬಾಯಿ ಯಾರು ಎಂದು ಕೇಳಿದರೆ ಗಂಡನ ಹೆಸರಿಗಿಂತ ಮೊದಲು ಆ ಕತೆ ಬರುತ್ತಿತ್ತು. ವಾಂತಿ-ಭೇದಿಯಿಂದ ಸಾಯುವಂತಾದಾಗಲೂ, ಕೊರಳಲ್ಲಿ ಲಿಂಗವಿಲ್ಲವೆಂದು ಐದು ದಿನ ಹನಿ ನೀರು ಮುಟ್ಟದೆ ಇದ್ದವಳು. ಲಿಂಗ ಬಂದ ಮೇಲೆ ಎದ್ದು ಕೂತವಳು. ಐದು ದಿನ ಎನ್ನುವುದು ಊರವರು ಬೆಳೆಸಿದ ಮಾತು. ನಡೆದದ್ದು ಒಂದೂವರೆ ದಿನ. ಹನಿ ನೀರು ಮುಟ್ಟಲಿಲ್ಲ ಎನ್ನುವುದೂ ನಿಜವಲ್ಲ. ಅದು ಇಬ್ಬರಿಗೇ ಗೊತ್ತಿತ್ತು. ಒಬ್ಬಳು ನೀಲಾಬಾಯಿ, ಇನ್ನೊಬ್ಬಳು ಹುನಗುಂದದ ಒಂದು ದವಾಖಾನೆಯಲ್ಲಿ ಕಸ ಹೊಡೆಯುತ್ತಿದ್ದ ದೌಲತಬಿ.

ಅದು ೧೯೭೨ರ ಬೇಸಿಗೆ. ನೀಲಾಬಾಯಿ ತುಳಸಿಗೇರಿಯಿಂದ ಕೆರೂರಿಗೆ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು. ಅತ್ತೆ ಬಸಲಿಂಗವ್ವ ನಿಯಮದ ಹೆಂಗಸು. ಎರಡು ಹೊತ್ತು ಲಿಂಗಪೂಜೆ ಮಾಡುವವರು ಆ ಓಣಿಯಲ್ಲಿ ಬೇಕಾದಷ್ಟು ಜನರಿದ್ದರು. ಆದರೆ ಬಸಲಿಂಗವ್ವ ಪೂಜೆಗೆ ಕೂತಳೆಂದರೆ ಒಂದು ತಾಸು ಮನೆಯಲ್ಲಿ ಪಾತ್ರೆಯ ಸಪ್ಪಳ ಕೂಡ ಆಗಬಾರದು. ತಾನು ನೋಡಿಟ್ಟಿದ್ದ ಹುಡುಗಿಯನ್ನು ಬಿಟ್ಟು ಮಗ ಈರಪ್ಪ ಇವಳನ್ನು ಒಪ್ಪಿದನೆಂಬ ಸಿಟ್ಟು ಅವಳಿಗೆ ಆರಿರಲಿಲ್ಲ. ಸೊಸೆ ರೊಟ್ಟಿ ಬಡಿದರೆ ದಪ್ಪ, ಸಾರು ಕಾಸಿದರೆ ತೆಳು, ನಕ್ಕರೆ ಹಲ್ಲು ಜಾಸ್ತಿ. ಊಟಕ್ಕೆ ನೀಲಾಬಾಯಿ ಕೂರುತ್ತಿದ್ದದ್ದು ಎಲ್ಲರ ಊಟ ಮುಗಿದ ಮೇಲೆ, ಬಾಗಿಲ ಮೂಲೆಯಲ್ಲಿ. ಆ ಮನೆಯಲ್ಲಿ ಅವಳೊಡನೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದವಳು ಹನ್ನೊಂದು ವರ್ಷದ ನಾದಿನಿ ಸಿದ್ದಲಿಂಗವ್ವ ಒಬ್ಬಳೇ.

ನೆಂಟರ ಮದುವೆಗೆ ಸೀರೆ ಆರಿಸಲು ಅತ್ತೆ, ಮಗ, ಸೊಸೆ ಮೂವರೂ ಇಳಕಲ್ಲಿಗೆ ಹೋದರು. ರಣಬಿಸಿಲು. ನೇಕಾರರ ಓಣಿಯಲ್ಲಿ ನಾಲ್ಕು ಮನೆ ತಿರುಗಿ ಹೊರಬಂದಾಗ ಈರಪ್ಪ ಹೆಂಡತಿಗೆ ಬರ್ಫ ಹಾಕಿದ ಕಬ್ಬಿನ ಹಾಲು ಕೊಡಿಸಿದ. ಮದುವೆಯಾದ ಮೇಲೆ ಅವನು ತಾನಾಗಿ ಕೊಡಿಸಿದ್ದು ಅದೊಂದೇ. ಅವಳು ಎರಡು ಗ್ಲಾಸು ಕುಡಿದಳು. ಈರಪ್ಪ ಚಹಾ ಸಾಕೆಂದ. ಬಸಲಿಂಗವ್ವ ಮನೆಯಿಂದ ತಂದಿದ್ದ ನೀರನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅಂದು ನೆಂಟರಲ್ಲಿ ಉಳಿದು, ಮರುದಿನ ಊರಿನ ಕಡೆಗೆ ಬಸ್ಸು ಹತ್ತಿದರು.

ಹುನಗುಂದ ಮುಟ್ಟುವ ಮೊದಲೇ ನೀಲಾಬಾಯಿ ಕಿಟಕಿಗೆ ಬಾಗಿ ಎರಡು ಸಲ ವಾಂತಿ ಮಾಡಿದಳು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ಇಳಿದು ಗೋಡೆಯ ಹಿಂದೆ ಓಡಿದಳು. ಹೊಟ್ಟೆಯೊಳಗಿನದೆಲ್ಲ ಅಕ್ಕಿ ತೊಳೆದ ನೀರಿನಂತೆ ಹರಿದುಹೋಯಿತು. ಎದ್ದು ಹತ್ತು ಹೆಜ್ಜೆ ಬರುವುದರೊಳಗೆ ಮತ್ತೆ ಓಡಬೇಕಾಯಿತು. ಮೂರನೆಯ ಸಲ ಅವಳು ಅಲ್ಲಿಯೇ, ಗಟಾರದ ಪಕ್ಕದಲ್ಲಿ ಬಿದ್ದುಬಿಟ್ಟಳು. ಅಂಗಡಿ ಕಟ್ಟೆಯ ಮೇಲೆ ಕೂತಿದ್ದವರು ಮೂಗು ಮುಚ್ಚಿಕೊಂಡು ನೋಡಿದರು. ಒಬ್ಬ, ಇಳಕಲ್ಲಿಗೆ ಹೋಗಿ ಸೀರೆ ಉಡೋದು ಬಿಟ್ಟು ಸೀರೆ ತೊಳಿಯೋ ಕೆಲಸಾ ತಂದುಕೊಂಡಳು ನೋಡು ಎಂದ. ಕಟ್ಟೆಯ ತುಂಬ ನಗು ಹರಡಿತು.

ಎತ್ತಿ ಕೂರಿಸಲು ಬಂದ ಬಸಲಿಂಗವ್ವನ ಕೈ ಸೊಸೆಯ ಕೊರಳಿಗೆ ಹೋಗಿ ಅಲ್ಲಿಯೇ ನಿಂತಿತು. ಶಿವದಾರವಿರಲಿಲ್ಲ. ಲಿಂಗವಿದ್ದ ಬೆಳ್ಳಿಯ ಕರಡಿಗೆಯೂ ಇರಲಿಲ್ಲ. ಈರಪ್ಪ ಕೋಲಿನಿಂದ ಗಟಾರವನ್ನೆಲ್ಲ ಕೆದಕಿದ. ಸಿಗಲಿಲ್ಲ.

ಆ ಮನೆತನದ ಹಳೆಯ ಕಟ್ಟು ಹೀಗಿತ್ತು: ಮೈಮೇಲೆ ಲಿಂಗವಿಲ್ಲದೆ ಏನನ್ನೂ ನುಂಗಬಾರದು, ಉಗುಳನ್ನು ಸಹ. ಮತ್ತೊಂದು ಲಿಂಗ ಬರುವುದಾದರೆ ಮನೆತನದ ಗುರುವಿನ ಕೈಯಿಂದಲೇ ಬರಬೇಕು. ಹುನಗುಂದದಲ್ಲೇ, ಎರಡು ಓಣಿಯಾಚೆ ಒಂದು ಮಠವಿತ್ತು. ಈರಪ್ಪ ಅಂಜುತ್ತಲೇ ಅದನ್ನು ಹೇಳಿದ. ಬಸಲಿಂಗವ್ವ ಅವನನ್ನು ದುರುಗುಟ್ಟಿ ನೋಡಿ, ಕೆರೂರಿನ ಆಚೆ ಇದ್ದ ತಮ್ಮ ಗುರುಗಳ ಊರಿಗೆ ಹೋಗುವ ಬಸ್ಸು ಹತ್ತಿಸಿದಳು. ಹೋಗಿ ಬರಲು ಒಂದೂವರೆ ದಿನ.

ಸ್ಟ್ಯಾಂಡಿನ ಸಮೀಪದ ದವಾಖಾನೆಗೆ ನೀಲಾಬಾಯಿಯನ್ನು ಕೈಗಾಡಿಯಲ್ಲಿ ಹಾಕಿಕೊಂಡು ತಂದರು. ಆಗಷ್ಟೇ ಓದು ಮುಗಿಸಿ ಬಂದಿದ್ದ ಹುಡುಗ ಡಾಕ್ಟರು ನಾಡಿ ಹಿಡಿದು, ಕೈಮೇಲಿನ ತೊಗಲನ್ನು ಚಿವುಟಿ ನೋಡಿದ. ಚಿವುಟಿದ ತೊಗಲು ನಿಂತಲ್ಲೇ ನಿಂತಿತು. ಇದು ಹೊರಗಿನ ಬರ್ಫದಿಂದಲೋ ನೀರಿನಿಂದಲೋ ಬಂದ ರೋಗ. ಇದರಲ್ಲಿ ಮನುಷ್ಯ ಸಾಯುವುದು ರೋಗದಿಂದಲ್ಲ, ಮೈಯಲ್ಲಿಯ ನೀರು ಬತ್ತಿ. ಹೊರಗೆ ಹೋದಷ್ಟನ್ನು ಒಳಗೆ ಹಾಕುತ್ತ ಹೋದರೆ ಮೂರು ದಿನದಲ್ಲಿ ತಾನಾಗಿ ನಿಲ್ಲುತ್ತದೆ ಎಂದು ಅವನು ಬಸಲಿಂಗವ್ವನಿಗೆ ಬಿಡಿಸಿ ಹೇಳಿದ. ಬಾಯಿಂದ ಬೇಡವಾದರೆ ನರದ ಒಳಗೆ ಸಲಾಯಿನ್ ಏರಿಸುತ್ತೇನೆ ಎಂದು ಬಾಟಲಿ ತಂದ.

"ಅದರಾಗ ಏನೈತ್ರಿ?" ಬಸಲಿಂಗವ್ವ ಕೇಳಿದಳು.

"ನೀರು, ಉಪ್ಪು. ಬ್ಯಾರೆ ಏನಿಲ್ಲ."

"ನೀರು ಅಂದ್ರ ನೀರರೀ. ಬಾಯಿಂದ ಹೋದ್ರೇನು, ಕೈಯಿಂದ ಹೋದ್ರೇನು? ಬ್ಯಾಡ್ರಿ."

ಡಾಕ್ಟರು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ. ಬಾಟಲಿ ಹಿಂದಕ್ಕೆ ಹೋಯಿತು. ಒಳಗೆ ಕಸ ಹೊಡೆಯುತ್ತಿದ್ದ ದೌಲತಬಿ ಅವನನ್ನು ಪಡಸಾಲೆಯ ಆಚೆಗೆ ಕರೆದು ಬೈದಳು. "ಔಷಧ ಐತಿ ಅಂತ ಅಂದಿದ್ರ ಮುಗೀತಿತ್ತಲ್ರೀ ಸಾಹೇಬ್ರ. ಖರೇ ಮಾತಾಡಾಕ ಇದ ಹೊತ್ತೇನು?"

ನೀಲಾಬಾಯಿ ಪಡಸಾಲೆಯ ಚಾಪೆಯ ಮೇಲೆ ಬಿದ್ದಿದ್ದಳು. ನಾಲಗೆ ಕಟ್ಟಿಗೆಯಾಗಿತ್ತು. ಕಾಲಿನ ಮೀನಖಂಡಗಳು ಹಗ್ಗ ಹುರಿಮಾಡಿದಂತೆ ಸೆಳೆದುಕೊಳ್ಳುತ್ತಿದ್ದವು. ಅತ್ತೆ ತಲೆಯ ಹತ್ತಿರ ಕೂತು ಗಾಳಿ ಬೀಸುತ್ತ, ಕಂಡಕಂಡವರ ಕೈಯಿಂದ ಕುಡಿದದ್ದಕ್ಕೆ ಈ ಗತಿ ಎಂದು ಸಮಾಧಾನದ ದನಿಯಲ್ಲಿಯೇ ಹೇಳುತ್ತಿದ್ದಳು. ನೀರು ಬೇಕೆಂದು ಸೊಸೆ ಒಂದೇ ಸಲ ಕೇಳಿದಳು. ಬಸಲಿಂಗವ್ವ ಸೆರಗಿನ ತುದಿಯಿಂದ ಅವಳ ತುಟಿ ಒರೆಸಿದಳು. ಒಣ ಸೆರಗು.

ಸಂಜೆಯ ಪೂಜೆಯ ಹೊತ್ತಾಯಿತು. ಬಸಲಿಂಗವ್ವ ಬಾವಿಯ ಕಡೆಗೆ ಸ್ನಾನಕ್ಕೆ ಹೋದಳು. ಅವಳ ಬೆನ್ನು ಮರೆಯಾದದ್ದೇ ದೌಲತಬಿ ಉಪ್ಪು ಸಕ್ಕರೆ ಕಲಸಿದ ನೀರನ್ನು ತಂದು ಚಾಪೆಯ ಬಳಿ ಕುಕ್ಕರಗಾಲಲ್ಲಿ ಕೂತಳು. ನೀಲಾಬಾಯಿ ಬಾಯಿ ತೆರೆಯಲಿಲ್ಲ. ದೇವರಿಗೆ ಅಂಜಿ ಅಲ್ಲ, ಅತ್ತೆಗೆ ಅಂಜಿ.

"ನಾ ಮುಸಲ್ಮಾನಾಕಿ, ತಂಗಿ. ಅದಕ್ಕೂ ಅಂಜಾಕತ್ತೀಯೇನು?" ಎಂದಳು ದೌಲತಬಿ. "ಅಂಜಬ್ಯಾಡ. ಎರಡೂ ಪಾಪ ಒಂದ ಗುಟಕಿನಾಗ ಮುಗೀತಾವ."

ನೀಲಾಬಾಯಿ ಕುಡಿದಳು. ಅಂದು ಸಂಜೆ ಎರಡು ಮಗ್, ಮರುದಿನ ಬೆಳಗಿನ ಪೂಜೆಯ ಹೊತ್ತಿನಲ್ಲಿ ಮತ್ತೆರಡು. ದೌಲತಬಿಯ ಕೈಗೆ ಅಂಟಿದ್ದ ಫಿನಾಯಿಲಿನ ವಾಸನೆ ನೀರಿನಲ್ಲೂ ಇತ್ತು. ಅಷ್ಟು ರುಚಿಯಾದದ್ದನ್ನು ತಾನು ಹಿಂದೆಂದೂ ಕುಡಿದಿರಲಿಲ್ಲ ಎನಿಸಿತು ಅವಳಿಗೆ.

ಮರುದಿನ ಮಧ್ಯಾಹ್ನ ಈರಪ್ಪ ಗುರುಗಳು ಕೊಟ್ಟ ಲಿಂಗವನ್ನೂ ಮಠದ ಒಬ್ಬ ವಯಸ್ಸಾದ ಅಯ್ಯನವರನ್ನೂ ಕರೆತಂದ. ಲಿಂಗ ಕಟ್ಟುವ ಮೊದಲು ಅಯ್ಯನವರು, ನಡುವೆ ಬಾಯಿಗೆ ಏನಾದರೂ ಹೋಗಿತ್ತೇ ಎಂದು ಕೇಳಿದರು. ಹನಿ ನೀರಿಲ್ಲ ಎಂದಳು ಬಸಲಿಂಗವ್ವ. ಅಯ್ಯನವರು ನೀಲಾಬಾಯಿಯ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಮೂಲೆಯಲ್ಲಿ ದೌಲತಬಿ ಕಸಬರಿಗೆ ಆಡಿಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ನೀರು ಕೊಡಬೇಕಿತ್ತು ತಾಯಿ, ಜೀವ ದೊಡ್ಡದು ಎಂದು ಅಯ್ಯನವರು ಮೆಲ್ಲಗೆ ಅಂದರು. ಆದರೆ ಬದುಕಿರುವ ಸೊಸೆಯನ್ನು ಎದುರಿಗಿಟ್ಟುಕೊಂಡು ಬಸಲಿಂಗವ್ವನಿಗೆ ಆ ಮಾತು ಕೇಳಿಸಲಿಲ್ಲ. ನನ್ನ ಸೊಸೆ, ನನ್ನ ಸೊಸೆ ಎಂದು ಅವಳು ಅಳುತ್ತಿದ್ದಳು. ಅವಳು ಹಾಗೆ ಕರೆದದ್ದು ಅದೇ ಮೊದಲು.

ಕೆರೂರಿಗೆ ಬಂದ ಮೇಲೆ ನೀಲಾಬಾಯಿಯ ದಿನಮಾನ ಬದಲಾದವು. ಊಟಕ್ಕೆ ಅತ್ತೆಯ ಪಕ್ಕದಲ್ಲೇ ಜಾಗ ಸಿಕ್ಕಿತು. ದಪ್ಪ ರೊಟ್ಟಿಯ ಮಾತು ನಿಂತಿತು. ಮಕ್ಕಳಿಬ್ಬರು ಹುಟ್ಟಿದರು. ಬಸಲಿಂಗವ್ವ ಸಿಕ್ಕವರ ಮುಂದೆಲ್ಲ ಸೊಸೆಯ ನಿಷ್ಠೆಯನ್ನು ಹೇಳಿದಳು. ಹೇಳುತ್ತ ಹೇಳುತ್ತ ಒಂದೂವರೆ ದಿನ ಮೂರಾಯಿತು, ಮೂರು ಐದಾಯಿತು. ಲಿಂಗದ ಮಾತು ಹಿಂದೆ ಸರಿದು, ವಾಂತಿ-ಭೇದಿಗೆ ನೀರು ಕೊಡದಿರುವುದೇ ಔಷಧ ಎಂಬ ಮಾತು ಮುಂದೆ ಬಂತು. ಊರಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ನೀಲಾಬಾಯಿಯ ಕೈಯಿಂದ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋಗಿ, ನೀರಿನ ಕೊಡ ಮುಚ್ಚಿಡುತ್ತಿದ್ದರು. ಗಟ್ಟಿಮುಟ್ಟಾದವರು ಹೇಗೋ ಬದುಕಿದರು, ಬದುಕಿದವರು ಕತೆಯನ್ನು ಇನ್ನಷ್ಟು ಬೆಳೆಸಿದರು.

೧೯೭೭ರ ಮಳೆಗಾಲದಲ್ಲಿ ಓಣಿಯ ರಾಮವ್ವ ತನ್ನ ಮೂರು ವರ್ಷದ ಹೆಣ್ಣುಕೂಸನ್ನು ಎತ್ತಿಕೊಂಡು ಬಂದಳು. ತವರಿಗೆ ಹೋಗಿ ಬಂದಾಗಿನಿಂದ ಭೇದಿ. ಕೂಸಿನ ಕಣ್ಣು ಗುಳಿ ಬಿದ್ದಿದ್ದವು. ಅದು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಹುನಗುಂದದ ಡಾಕ್ಟರು ಹೇಳಿದ್ದೆಲ್ಲ ನೀಲಾಬಾಯಿಯ ನಾಲಗೆಯ ತುದಿಗೆ ಬಂತು. ಪಕ್ಕದಲ್ಲಿ ಬಸಲಿಂಗವ್ವ ನಿಂತಿದ್ದಳು. ನೀಲಾಬಾಯಿ ವಿಭೂತಿ ಹಚ್ಚಿ ಕಳಿಸಿದಳು. ಮರುದಿನ ಕೂಸು ತೀರಿಕೊಂಡಿತು. ಆ ವಾರವೆಲ್ಲ ನೀಲಾಬಾಯಿ ತಲೆನೋವೆಂದು ಹೊರಗೆ ಬರಲಿಲ್ಲ. ಬಾಯಿ ಬಿಟ್ಟರೆ ಎರಡು ಮಕ್ಕಳೊಡನೆ ತಾನು ಹೊಸಿಲ ಹೊರಗೆ ಎಂಬುದು ಅವಳಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಬೆಳಗಾದರೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ಬೆಳಗಾಗುತ್ತಿತ್ತು, ಅಷ್ಟೇ.

ಏಳು ವರ್ಷ ಕಳೆದವು. ಸಿದ್ದಲಿಂಗವ್ವ ಬೆಳೆದು, ಬಾದಾಮಿಗೆ ಮದುವೆಯಾಗಿ ಹೋಗಿದ್ದಳು. ೧೯೮೪ರ ಪಂಚಮಿಗೆ ತವರಿಗೆ ಬಂದವಳು ಗೆಳತಿಯರ ಜೊತೆ ಟೆಂಪೋದಲ್ಲಿ ಪಟ್ಟದಕಲ್ಲಿಗೆ ಹೋದಳು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬುತ್ತಿ ಉಂಡು ಹೊಳೆಯ ನೀರನ್ನೇ ಕುಡಿದರು. ಕೈಕಾಲು ತೊಳೆಯಲು ಬಾಗಿದಾಗ ಶಿವದಾರ ಹರಿದು ಸಿದ್ದಲಿಂಗವ್ವನ ಲಿಂಗ ನೀರು ಪಾಲಾಯಿತು. ಆ ಗಳಿಗೆಯಿಂದ ಅವಳು ಏನನ್ನೂ ನುಂಗಲಿಲ್ಲ. ಮರುದಿನ ನಸುಕಿನಲ್ಲಿ ಭೇದಿ ಸುರುವಾಯಿತು. ಅವಳ ಜೊತೆ ಹೋದವರಲ್ಲಿ ಇನ್ನಿಬ್ಬರಿಗೂ ಬಂತು. ಅವರು ಗಂಜಿ, ಮಜ್ಜಿಗೆ ಕುಡಿದು ನಾಲ್ಕು ದಿನದಲ್ಲಿ ಓಡಾಡತೊಡಗಿದರು.

ಊರಿನ ಅಯ್ಯನವರು ತಾವಾಗಿಯೇ ಬಂದು ಬೇರೆ ಲಿಂಗ ಕಟ್ಟುತ್ತೇನೆಂದರು. ಸಿದ್ದಲಿಂಗವ್ವ ಒಪ್ಪಲಿಲ್ಲ. ಅಣ್ಣನ ಹೆಂಡತಿ, ತನ್ನ ವೈನಿಗೆ ಗುರುಗಳ ಲಿಂಗವೇ ಬಂದಿತ್ತು, ತನಗೂ ಅದೇ ಬೇಕು ಎಂದಳು. ಈರಪ್ಪ ಗುರುಗಳ ಮಠಕ್ಕೆ ಓಡಿದ. ಅವರು ಸೊಲ್ಲಾಪುರದ ಕಡೆ ಹೋಗಿದ್ದರು. ಅಲ್ಲಿಂದಲೇ ಅವನು ಸೊಲ್ಲಾಪುರದ ಬಸ್ಸು ಹತ್ತಿದ. ಮೊದಲ ದಿನ ನೀಲಾಬಾಯಿ ಸುಮ್ಮನಿದ್ದಳು. ಗಂಡ ನಾಳೆ ಬಂದೇ ಬರುತ್ತಾನೆ, ಹುಡುಗಿ ಗಟ್ಟಿ ಇದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಎರಡನೆಯ ದಿನ ಮಧ್ಯಾಹ್ನವಾದರೂ ಈರಪ್ಪ ಬರಲಿಲ್ಲ. ಸಿದ್ದಲಿಂಗವ್ವನ ದನಿ ಇಂಗಿಹೋಗಿತ್ತು. ಬೆರಳ ತುದಿಗಳು ನೀರಲ್ಲಿ ನೆನೆದವರ ಹಾಗೆ ಸುಕ್ಕುಗಟ್ಟಿದ್ದವು.

ಆಗ ಬಸಲಿಂಗವ್ವ ಅಡುಗೆಮನೆಗೆ ಬಂದಳು. ಹನ್ನೆರಡು ವರ್ಷ ಒಂದು ಹನಿಗೂ ಬಗ್ಗದ ಹೆಂಗಸು ಬಾಗಿಲಿಗೆ ಒರಗಿ ನಿಂತಿದ್ದಳು. ನೀರು ತಂದು ಮಗಳ ಕಾಲು ಹಿಡಿದೆ, ಅವಳು ಹಲ್ಲು ಬಿಚ್ಚಲಿಲ್ಲ ಎಂದಳು.

"ನೀ ಹೇಳಿದ್ರ ಕೇಳ್ತಾಳ, ನೀಲವ್ವ. ಒಂದು ಸುಳ್ಳ ಹೇಳು. ಅವತ್ತು ನಾನೂ ನೀರು ಕುಡದಿದ್ದೆ ಅಂತ ಹೇಳು."

ನೀಲಾಬಾಯಿ ಒಲೆಯ ಮುಂದಿನಿಂದ ಎದ್ದು ನಿಂತಳು. "ಸುಳ್ಳಲ್ರಿ ಅತ್ತಿ. ಕುಡದಿದ್ದೆ."

ಬಸಲಿಂಗವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ಹಿಂಗ ಹೇಳು. ಹಿಂಗ ಮಾರಿ ಮಾಡಿ ಹೇಳು. ನಂಬ್ತಾಳ."

ನೀಲಾಬಾಯಿ ಹೋಗಿ ನಾದಿನಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಿಂದೆ ಬಂದು ನಿಂತ ಅತ್ತೆಯ ಎದುರಿಗೇ ಹುನಗುಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ದೌಲತಬಿ ಎಂಬ ಹೆಂಗಸು, ಅತ್ತೆ ಪೂಜೆಗೆ ಹೋದ ಹೊತ್ತು, ನಾಲ್ಕು ಮಗ್ ನೀರು, ಅದರಲ್ಲಿಯ ಫಿನಾಯಿಲ್ ವಾಸನೆ. ತಾನು ತಲೆಯಾಡಿಸಿ ಸುಳ್ಳಾಡಿದ್ದು. ಸಿದ್ದಲಿಂಗವ್ವ ಕಣ್ಣು ಮುಚ್ಚಿಯೇ ಕೇಳಿದಳು. ಅವಳ ದವಡೆಯಲ್ಲಿ ಏನೋ ಉಬ್ಬಿತ್ತು. ನೀಲಾಬಾಯಿ ಬೆರಳಿಟ್ಟು ನೋಡಿದರೆ ನುಣುಪಾದ ಹೊಳೆಯ ಹರಳು. ಬಹಳ ವರ್ಷಗಳ ಹಿಂದೆ, ಚಿಕ್ಕ ಹುಡುಗಿಯಾಗಿದ್ದ ಸಿದ್ದಲಿಂಗವ್ವ ನೀರಡಿಕೆಯನ್ನು ಹೇಗೆ ತಡೆದುಕೊಂಡೆ ಎಂದು ಕಾಡಿದಾಗ, ಬಾಯಲ್ಲಿ ಒಂದು ಹರಳು ಇಟ್ಟುಕೊಂಡಿದ್ದೆ ಎಂದು ನೀಲಾಬಾಯಿಯೇ ಹುಟ್ಟಿಸಿ ಹೇಳಿದ್ದಳು. ತಾನದನ್ನು ಮರೆತಿದ್ದಳು.

"ಅವ್ವ ಕಲಿಸಿ ಕಳಿಸ್ಯಾಳ," ಎಂದಳು ಸಿದ್ದಲಿಂಗವ್ವ. ದನಿ ಗಾಳಿಯಷ್ಟೇ ಇತ್ತು. "ಸುಳ್ಳ ಹೇಳಾಕ ಬರಂಗಿಲ್ಲ ವೈನಿ ನಿನಗ. ನೀ ತಡಕೊಂಡಿ. ನಾನೂ ತಡಕೋತೇನಿ."

ಅತ್ತೆ ಸೊಸೆ ಇಬ್ಬರೂ ಕೂಡಿ ಮೂಗು ಹಿಡಿದು, ಚಮಚದ ಹಿಡಿಕೆಯಿಂದ ಹಲ್ಲು ಬಿಡಿಸಲು ನೋಡಿದರು. ತುಟಿ ಹರಿದು ರಕ್ತ ಬಂತು. ಒಳಗೆ ಹೋದ ನಾಲ್ಕು ಹನಿಯನ್ನು ಅವಳು ಉಗುಳಿದಳು. ಸಂಜೆಗೆ ಎಚ್ಚರ ತಪ್ಪಿದಾಗ ಡಾಕ್ಟರನ್ನು ಕರೆಸಿದರು. ಅವರು ಎರಡೂ ಕೈ, ಎರಡೂ ಪಾದ ಚುಚ್ಚಿದರು. ನರ ಬತ್ತಿ ದಾರವಾಗಿದ್ದವು, ಸೂಜಿ ಹಿಡಿಯಲಿಲ್ಲ. ಮೂರನೆಯ ದಿನ ಹೊತ್ತು ಏರುವ ಮೊದಲು ಸಿದ್ದಲಿಂಗವ್ವನ ಜೀವ ಹೋಯಿತು. ಗುರುಗಳ ಲಿಂಗ ಹಿಡಿದುಕೊಂಡು ಈರಪ್ಪ ಬಂದದ್ದು ಮಧ್ಯಾಹ್ನಕ್ಕೆ. ಅದನ್ನು ಅವಳ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು.

ಮಾತಾಡಿಸಲು ಬರುವ ಹೆಂಗಸರಿಂದ ಪಡಸಾಲೆ ದಿನವೂ ತುಂಬುತ್ತಿತ್ತು. ನಾಲ್ಕನೆಯ ದಿನ ಬಸಲಿಂಗವ್ವ ಹಿತ್ತಲಲ್ಲಿ ಸೊಸೆಯನ್ನು ಒಬ್ಬಳನ್ನೇ ಹಿಡಿದು ನಿಲ್ಲಿಸಿದಳು. ಫಿನಾಯಿಲ್ ವಾಸನೆ ಎಂದೆಯಲ್ಲ, ಅದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದಳು.

"ಹೊಳೀಲಿಲ್ರಿ. ವಾಸನಿ ಇತ್ತು."

ಬಸಲಿಂಗವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದಳು.

"ಹೇಳಿದ್ರ ಮನಿಯಿಂದ ಹೊರಗ ಹಾಕತಿದ್ರಿ."

"ಹೌದು. ಹಾಕತಿದ್ದೆ," ಎಂದಳು ಬಸಲಿಂಗವ್ವ. ಆಮೇಲೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಹೋದಳು. ನನ್ನ ಸೊಸೆ ತಡೆದುಕೊಂಡು ಬದುಕಿದಳು, ನನ್ನ ಮಗಳು ತಡೆದುಕೊಂಡು ಶಿವನ ಪಾದ ಸೇರಿದಳು, ಇಂಥ ಇಬ್ಬರು ಈ ಮನೆಯಲ್ಲಿದ್ದರು ಎಂದು ಕೂತವರಿಗೆ ಹೇಳತೊಡಗಿದಳು. ಎಲ್ಲ ತಿಳಿದ ಮೇಲೆಯೂ ಅವಳಿಗೆ ಆ ಸುಳ್ಳು ಬೇಕಾಗಿತ್ತು. ಇಲ್ಲವಾದರೆ ಮಗಳು ಯಾತಕ್ಕೂ ಅಲ್ಲದೆ ಸತ್ತಂತೆ.

ಹಿಂದೆಯೇ ಬಂದ ನೀಲಾಬಾಯಿ ಬಾಗಿಲಲ್ಲಿ ನಿಂತು, ನಾ ಕುಡಿದಿದ್ದೆ ಎಂದಳು. ಎಲ್ಲರೂ ತಿರುಗಿದರು. ಅವಳು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಹೊಟ್ಟೆ ಕೆಟ್ಟವರಿಗೆ ನೀರೇ ಔಷಧ, ತನಗದು ಅವತ್ತಿನಿಂದಲೂ ತಿಳಿದಿತ್ತು ಎಂದಳು. ಹೆಂಗಸರು ಲೊಚಗುಟ್ಟಿದರು. ಪಾಪ, ನಾದಿನಿ ಸತ್ತ ದುಃಖಕ್ಕೆ ಪಾಪವನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ, ಎಂಥ ದೊಡ್ಡ ಮನಸ್ಸು ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಬಸಲಿಂಗವ್ವ ಎದ್ದು ಬಂದು ಸೊಸೆಯ ಬೆನ್ನಮೇಲೆ ಕೈಯಿಟ್ಟಳು. ಮೂರು ದಿನದಿಂದ ನಿದ್ದೆಯಿಲ್ಲ, ಹೀಗೇ ಬಡಬಡಿಸುತ್ತಾಳೆ ಎಂದು ಹೇಳಿ, ಒಳಗೆ ನಡೆಸಲು ಆ ಕೈಯನ್ನು ಒತ್ತಿದಳು.

ಗೋಡೆಗೆ ಒರಗಿ ಕೂತಿದ್ದ ರಾಮವ್ವ ಮಾತ್ರ ಲೊಚಗುಟ್ಟಿರಲಿಲ್ಲ.

"ನನ್ನ ಕೂಸಿಗೆ ವಿಭೂತಿ ಹಚ್ಚಿದಿ. ಅವಾಗ ಗೊತ್ತಿತ್ತೇನು ನಿನಗ?" ಎಂದು ಕೇಳಿದಳು. ಸಂತೆಯಲ್ಲಿ ಧಾರಣೆ ಕೇಳುವಷ್ಟು ಸಾದಾ ದನಿ.

"ಗೊತ್ತಿತ್ತು," ಎಂದಳು ನೀಲಾಬಾಯಿ.

"ಪ್ರತಿ ಪಂಚಮಿಗೂ ನಿನಗ ಗುಳೇದಗುಡ್ಡದ ಕಣ ಕೊಟ್ಟು ಉಡಿ ತುಂಬೀನಿ. ಬ್ಯಾಡ ಅನ್ನಲಿಲ್ಲಲ್ಲ ನೀ."

ಆ ಕಣಗಳಿಂದ ಹೊಲಿಸಿದ ಕುಪ್ಪಸಗಳನ್ನು ನೀಲಾಬಾಯಿ ತೊಟ್ಟಿದ್ದಳು. ಒಂದು ಈಗಲೂ ಮೈಮೇಲಿತ್ತು. ರಾಮವ್ವ ಎದ್ದು, ಬಾಗಿಲಿನಲ್ಲಿದ್ದ ಅವಳನ್ನು ಭುಜದಿಂದ ಸರಿಸಿ ಹೊರಗೆ ಹೋದಳು. ಉಳಿದ ಹೆಂಗಸರು ನೀಲಾಬಾಯಿಯನ್ನು ಕೂರಿಸಿ, ಮನಸ್ಸಿಗೆ ಹಚ್ಚಿಕೋಬೇಡ, ಮಗು ಸತ್ತವಳ ಬಾಯಿ ಹಾಗೇ ಎಂದು ಸಮಾಧಾನ ಹೇಳುತ್ತ, ಕುಡಿಯಲು ಒಂದು ತಂಬಿಗೆ ನೀರು ತರಿಸಿಕೊಟ್ಟರು.